ಗೆರೆಯ ಈಚೆ ನಿಂತು ಆಡಿಸುವ ಕೆಲಸ

ನಾನು ಆಟ ನಿಲ್ಲಿಸಿದ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬರುವಂಥ ಆಟಗಾರ ನಾನಾಗಿರಲೂ ಇಲ್ಲ. ಬೆಂಗಳೂರು ಫುಟ್‌ಬಾಲ್ ಲೀಗಿನಲ್ಲಿ ಕಾರ್ಖಾನೆ ತಂಡವೊಂದರ ಸ್ಟಾಪರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವನು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಶಿಬಿರಕ್ಕೆ ಕರೆ ಬಂದು, ಅಂತಿಮ ಪಟ್ಟಿ ಅಂಟಿಸಿದ ದಿನ ಚೀಲ ಹೆಗಲಿಗೇರಿಸಿ ಮನೆಗೆ ವಾಪಸಾದವನು. ಮೂವತ್ತಮೂರನೆಯ ವಯಸ್ಸಿಗೆ ಬಲಮಂಡಿ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾದ ಮೇಲೆ ನೇರ ಓಡಲು ಅಡ್ಡಿಯಿರಲಿಲ್ಲ, ತಿರುಗುವುದೇ ಕಷ್ಟ. ಇಪ್ಪತ್ತರ ಹುಡುಗನೊಬ್ಬ ಚೆಂಡು ತಂದು ಮೈಯನ್ನು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಬಾಗಿಸಿದರೆ ನನ್ನ ತಲೆ ಸರಿಯಾದ ಕಡೆಗೇ ಹೋಗುತ್ತಿತ್ತು; ಕಾಲು ಅರೆಗಳಿಗೆ ತಡವಾಗಿ ಹಿಂಬಾಲಿಸುತ್ತಿತ್ತು. ಸ್ಟಾಪರ್ ಆದವನು ಆ ಅರೆಗಳಿಗೆಯನ್ನು ಎಲ್ಲಿಂದಲೂ ಸಾಲ ತರಲಾರ.

ಕಾರ್ಖಾನೆ ತಂಡ ಎಂದರೇನು ಎಂದು ಈಗಿನ ಹುಡುಗರಿಗೆ ವಿವರಿಸಬೇಕಾಗುತ್ತದೆ. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಸಿಐಎಲ್ ಮುಂತಾದ ಸಂಸ್ಥೆಗಳ ಹೆಸರಿಲ್ಲದೆ ಬೆಂಗಳೂರಿನ ಲೀಗನ್ನು ಊಹಿಸಿಕೊಳ್ಳಲು ಆಗದಿದ್ದ ಕಾಲವೊಂದಿತ್ತು. ಎಚ್‌ಎಎಲ್ ತಂಡವಂತೂ ಆಗ ದೇಶದ ಮೇಲುಹಂತವಾಗಿದ್ದ ಐ-ಲೀಗ್‌ವರೆಗೆ ಹೋಗಿ ಆಡಿತು. ಕ್ರೀಡಾ ಕೋಟಾದಲ್ಲಿ ಒಳಗೆ ಸೇರಿದವನಿಗೆ ಬೆಳಿಗ್ಗೆ ಅಭ್ಯಾಸ, ಆಮೇಲೆ ಹಾಜರಿ ಪುಸ್ತಕದಲ್ಲಿ ಸಹಿ, ಪಂದ್ಯವಿದ್ದರೆ ಅರ್ಧ ದಿನ ರಜೆ. ಮೂವತ್ತೈದಾದ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ಆಸ್ಟಿನ್ ಟೌನ್, ಹಲಸೂರು, ಗೌತಮಪುರದ ಎಷ್ಟೋ ಮನೆಗಳಲ್ಲಿ ಮಗ ಚೆಂಡು ಒದೆಯುವುದನ್ನು ಅಪ್ಪ ಸಹಿಸಿಕೊಂಡದ್ದು ಈ ಒಂದು ಭರವಸೆಯ ಮೇಲೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಅಂಬೇಡ್ಕರರ ಪಕ್ಕದಲ್ಲಿ. ಬೇರೆ ಊರಿನವರು ಅದನ್ನು ಬೆರಗಿನಿಂದ ನೋಡುತ್ತಾರೆ. ಅಲ್ಲಿಯವರಿಗೆ ಅದರಲ್ಲಿ ವಿಶೇಷವೇನೂ ಇಲ್ಲ: ಒಬ್ಬರು ಓದಿಗೆ, ಇನ್ನೊಬ್ಬರು ಆಟಕ್ಕೆ.

ಸಂಸ್ಥೆಗಳು ಒಂದೊಂದಾಗಿ ಆಟಗಾರರ ನೇಮಕಾತಿ ಕಡಿಮೆ ಮಾಡಿದವು. ನನ್ನ ನೌಕರಿಗೆ ತೊಂದರೆಯಾಗಲಿಲ್ಲ, ಆದರೆ ಆಟ ಮುಗಿದ ಮೇಲೆ ನನ್ನನ್ನು ಉಗ್ರಾಣ ವಿಭಾಗದ ಮೇಜಿಗೆ ಕೂರಿಸಿದರು. ಹನ್ನೊಂದು ವರ್ಷ ಹುಲ್ಲಿನ ಮೇಲೆ ಕಳೆದವನಿಗೆ ಬೋಲ್ಟು, ನಟ್ಟುಗಳ ಲೆಕ್ಕ. ತಂಡದ ಹಿರಿಯರೊಬ್ಬರು ಒಂದು ಸಂಜೆ ಕ್ಯಾಂಟೀನಿನಲ್ಲಿ, ‘ಸುಮ್ಮನೆ ಕೂತರೆ ಹೊಟ್ಟೆ ಬರುತ್ತದೆ ಕಣಯ್ಯಾ, ಲೈಸೆನ್ಸ್ ಮಾಡಿಕೋ’ ಎಂದರು. ಅವರು ಹೇಳಿದ್ದು ಕೋಚಿಂಗ್ ಲೈಸೆನ್ಸ್. ನನಗೆ ಅಲ್ಲಿಯವರೆಗೆ ಗೊತ್ತಿದ್ದ ಲೈಸೆನ್ಸ್ ಸ್ಕೂಟರಿನದು ಮಾತ್ರ.

ಮೊದಲ ಮೆಟ್ಟಿಲುಗಳು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನವು. ಡಿ ಎಂಬುದು ಅವುಗಳಲ್ಲೊಂದು. ಅದರ ಮೇಲೆ ಸಿ, ಬಿ, ಎ, ಕೊನೆಗೆ ಪ್ರೊ ಎಂದು ಏಷ್ಯನ್ ಕಾನ್ಫೆಡರೇಷನ್ನಿನ ಡಿಪ್ಲೊಮಾಗಳು. ಮಾಜಿ ಆಟಗಾರನೆಂದು ನಮ್ಮಲ್ಲಿ ಯಾರಿಗೂ ಮೇಲಿನಿಂದ ಶುರು ಮಾಡಲು ಬಿಡಲಿಲ್ಲ. ನಾನು ಸೇರಿದ ಡಿ ಕೋರ್ಸಿನ ತಂಡದಲ್ಲಿ ದೊಡ್ಡ ಕ್ಲಬ್ಬುಗಳಿಗೆ ಆಡಿ, ಕೋಲ್ಕತ್ತದ ಮೈದಾನಗಳನ್ನೆಲ್ಲ ಕಂಡು ಬಂದಿದ್ದ ಒಬ್ಬರಿದ್ದರು. ಗದಗದ ಕಡೆಯ ಸರ್ಕಾರಿ ಪ್ರೌಢಶಾಲೆಯ ಪಿ.ಟಿ. ಟೀಚರ್ ಒಬ್ಬರಿದ್ದರು, ಲೀಗ್ ಪಂದ್ಯವನ್ನು ಎಂದೂ ಆಡಿದವರಲ್ಲ. ಇಬ್ಬರಿಗೂ ಒಂದೇ ಡಿ, ಅಂಗಿಯ ಮೇಲೆ ತೊಡುವ ಒಂದೇ ಬಿಬ್, ಸಾಲಿನಲ್ಲಿ ನಿಂತು ಒಂದೇ ಉಪ್ಪಿಟ್ಟು.

ಬೆಳಿಗ್ಗೆ ಮೈದಾನ, ಮಧ್ಯಾಹ್ನ ತರಗತಿ, ಸಂಜೆ ಮತ್ತೆ ಮೈದಾನ. ರಾತ್ರಿ ಕಾಗದದ ಮೇಲೆ ಮರುದಿನದ ಪಾಠದ ನಕ್ಷೆ ಬರೆಯಬೇಕು: ವಿಷಯ ಯಾವುದು, ಜಾಗದ ಅಳತೆ ಎಷ್ಟು, ಎಷ್ಟು ಜನ, ಎಷ್ಟು ನಿಮಿಷ, ಯಾವ ನಿಯಮ, ಏನನ್ನು ತಿದ್ದುತ್ತೀರಿ. ಬಾಣದ ಗುರುತು ಗೆರೆಯಾಗಿದ್ದರೆ ಚೆಂಡಿನ ಹಾದಿ, ಚುಕ್ಕಿ ಚುಕ್ಕಿಯಾಗಿದ್ದರೆ ಆಟಗಾರನ ಓಟ. ನಾನು ಇಪ್ಪತ್ತು ಗಜದ ಚೌಕ ಎಂದು ಬರೆದಿದ್ದೆ. ಬೋಧಕರು, ‘ಇಪ್ಪತ್ತೇ ಏಕೆ? ಹದಿನೈದು ಏಕಲ್ಲ?’ ಎಂದು ಕೇಳಿದರು. ನಾವು ಆಡುವ ಕಾಲದಲ್ಲಿ ಕೋಚ್ ಎರಡು ಚಪ್ಪಲಿ ಇಟ್ಟ ಕಡೆ ಗೋಲು, ಉಳಿದದ್ದೆಲ್ಲ ಮೈದಾನ. ಅಳತೆಯ ಪ್ರಶ್ನೆಯೇ ಬಂದಿರಲಿಲ್ಲ. ಅವರು ತಾಳ್ಮೆಯಿಂದ ಮಾಡಿ ತೋರಿಸಿದರು. ಅದೇ ಎಂಟು ಜನರನ್ನು ಹದಿನೈದು ಗಜಕ್ಕೆ ಹಾಕಿದಾಗ ಚೆಂಡು ಹಿಡಿಯುವ ಮೊದಲೇ ಮುಂದಿನ ಪಾಸ್ ಯೋಚಿಸದವನು ಚೆಂಡು ಕಳೆದುಕೊಂಡ. ಮೂವತ್ತಕ್ಕೆ ಹಿಗ್ಗಿಸಿದಾಗ ಎಲ್ಲರೂ ಅಡ್ಡಾಡುತ್ತಾ ಆಡಿದರು. ಬೋಧಕರು ಒಂದು ಮಾತನ್ನೂ ಆಡಲಿಲ್ಲ, ಕೋನ್‌ಗಳನ್ನು ಸರಿಸಿದರು, ಅಷ್ಟೆ. ಕಲಿಸುವುದು ಎಂದರೆ ಕೂಗುವುದು ಎಂಬ ತಿಳಿವಳಿಕೆಯಲ್ಲೇ ಬೆಳೆದ ನಮ್ಮಂಥವರಿಗೆ ಅದು ಹೊಸದು.

ಆಟದ ನಿಯಮಗಳ ಪರೀಕ್ಷೆಯಲ್ಲಿ ಹಳಬರೆಲ್ಲ ಎಡವಿದ್ದು ಗೋಲಿನ ಮುಂದಿನಿಂದ ಒದ್ದು ಆಟ ಮತ್ತೆ ಶುರು ಮಾಡುವ ಗೋಲ್‌ಕಿಕ್‌ನಲ್ಲಿ. ನಮ್ಮ ಕಾಲದಲ್ಲಿ ಗೋಲ್‌ಕಿಕ್ ಪೆನಾಲ್ಟಿ ಆವರಣದಿಂದ ಹೊರಗೆ ಹೋಗುವವರೆಗೆ ಚೆಂಡು ಆಟದಲ್ಲಿ ಇರುತ್ತಿರಲಿಲ್ಲ. 2019ರಿಂದ ಒದ್ದ ಕೂಡಲೇ ಚೆಂಡು ಚಲಿಸಿದರೆ ಸಾಕು. ಆವರಣದ ಒಳಗೇ ನಿಂತು ಸ್ವಂತ ಸ್ಟಾಪರ್ ಅದನ್ನು ತೆಗೆದುಕೊಳ್ಳಬಹುದು. ಡಾರ್ಮಿಟರಿಯಲ್ಲಿ ರಾತ್ರಿ ಹನ್ನೊಂದಾದರೂ ಇದರ ವಾದ ನಿಲ್ಲಲಿಲ್ಲ. ಹೊರಗಿನವರಿಗೆ ಇದು ಸಣ್ಣ ತಿದ್ದುಪಡಿ. ನನಗೆ ಮಾತ್ರ ನನ್ನ ಇಡೀ ವೃತ್ತಿಯೇ ಬದಲಾದಂತೆ ಕಂಡಿತು. ನಾವು ಗೋಲ್‌ಕಿಕ್ ಎಂದರೆ ಅರ್ಧ ಮೈದಾನಕ್ಕೆ ಓಡಿ ತಲೆಯೊಡ್ಡಲು ತಯಾರಾಗುತ್ತಿದ್ದೆವು. ಈಗಿನ ಸ್ಟಾಪರ್ ಗೋಲ್‌ಕೀಪರನ ಪಕ್ಕದಲ್ಲಿ ನಿಂತು ಚೆಂಡು ಬೇಡುತ್ತಾನೆ; ಎದುರಾಳಿ ಮೈಮೇಲೆ ಬೀಳುವಾಗಲೂ ಎದೆ ನಡುಗಬಾರದು. ಚೆಂಡನ್ನು ದೂರ ಒದೆಯುವುದೇ ಒಳ್ಳೆಯ ಡಿಫೆನ್ಸ್ ಎಂದು ಕಲಿತವನು ಇದನ್ನು ಹೇಗೆ ಕಲಿಸಬೇಕು? ನನ್ನ ಕಾಲಿನ ಅನುಭವ ಅರ್ಧಕ್ಕರ್ಧ ಹಳೆಯ ನಾಣ್ಯವಾಗಿತ್ತು.

ಪ್ರಾಯೋಗಿಕ ಪರೀಕ್ಷೆಯ ದಿನ ಕೋಲ್ಕತ್ತ ಕಂಡು ಬಂದವರ ಸರದಿ ಮೊದಲು ಬಂತು. ವಿಷಯ, ಚೆಂಡು ಬರುವ ಮುನ್ನ ಹೆಗಲ ಮೇಲಿಂದ ಹಿಂದೆ ನೋಡಿಕೊಳ್ಳುವುದು. ಅವರು ಚೆಂಡು ತರಿಸಿಕೊಂಡರು, ಒಂದು ನೋಟ ಹಿಂದಕ್ಕೆ ಎಸೆದರು, ಹೊರಗಾಲಿನಿಂದ ಸವರಿ ತಿರುಗಿಬಿಟ್ಟರು. ಮೈದಾನದಲ್ಲಿದ್ದ ನಾವೆಲ್ಲ ಚಪ್ಪಾಳೆ ಹೊಡೆದೆವು. ‘ಹೀಗೆ ಮಾಡಿ’ ಎಂದರು. ನಾವು ಮಾಡಿದೆವು, ಬರಲಿಲ್ಲ. ‘ಹಾಗಲ್ಲ, ಹೀಗೆ’ ಎಂದು ಮತ್ತೆ ಮಾಡಿ ತೋರಿಸಿದರು. ಮತ್ತೆ ಚೆಂದ. ಹತ್ತು ನಿಮಿಷ ಅವರೇ ಆಡಿದರು, ನಾವು ನೋಡಿದೆವು.

ಆಮೇಲೆ ಟೀಚರ್ ಬಂದರು. ಚೆಂಡು ಪಡೆಯುವವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ, ಪಾಸ್ ಹೊರಟ ಕೂಡಲೇ ಬೆರಳುಗಳನ್ನು ಎತ್ತಲು ಹೇಳಿದರು. ಚೆಂಡು ಕಾಲಿಗೆ ತಾಗುವ ಮೊದಲು ಎಷ್ಟು ಬೆರಳು ಎಂದು ಕೂಗಬೇಕು. ತಿರುಗಿ ನೋಡದೆ ಉತ್ತರ ಹೇಳಲು ಸಾಧ್ಯವೇ ಇಲ್ಲ. ‘ಮೂರು’, ‘ಒಂದು’, ‘ನಾಲ್ಕು’ ಎಂಬ ಕೂಗಿನಲ್ಲಿ ಮೈದಾನ ಸಂತೆಯಾಯಿತು. ಸ್ವಲ್ಪ ಹೊತ್ತಿನ ನಂತರ ಬೆರಳಿನವನನ್ನು ತೆಗೆದು ಅಲ್ಲಿ ಡಿಫೆಂಡರ್‌ನನ್ನು ಬಿಟ್ಟರು: ಒಮ್ಮೆ ಅಂಟಿಕೊಂಡು ಬರುತ್ತಾನೆ, ಒಮ್ಮೆ ದೂರ ನಿಲ್ಲುತ್ತಾನೆ. ಅಂಟಿಕೊಂಡಿದ್ದರೆ ಒಂದೇ ಸ್ಪರ್ಶದಲ್ಲಿ ವಾಪಸ್, ದೂರವಿದ್ದರೆ ತಿರುಗು. ಅದನ್ನೂ ಅವರು ಹೇಳಲಿಲ್ಲ, ಆಡುತ್ತಾ ಆಡುತ್ತಾ ನಾವೇ ಹಾಗೆ ಮಾಡತೊಡಗಿದೆವು. ಅವರ ಸ್ವಂತ ಪಾಸ್ ಅಷ್ಟೇನೂ ನೇರವಾಗಿರಲಿಲ್ಲ. ತಂಡದಲ್ಲಿ ಅತಿ ಹೆಚ್ಚು ಅಂಕ ಅವರಿಗೇ ಬಂತು, ನ್ಯಾಯವಾಗಿಯೇ ಬಂತು. ಒಳ್ಳೆಯ ಆಟಗಾರ ಒಳ್ಳೆಯ ಕೋಚ್ ಆಗುತ್ತಾನೆ ಎನ್ನುವವರಿಗೆ ನಾನು ಈ ಟೀಚರ್ ಕಥೆ ಹೇಳುತ್ತೇನೆ.

ಆದರೂ ಎರಡೂ ದಕ್ಕಿದವರು ನಮ್ಮೂರಿನಲ್ಲೇ ಇದ್ದರು. ಕಾರ್ಲ್‌ಟನ್ ಚಾಪ್‌ಮನ್ ಬೆಂಗಳೂರಿನ ಹುಡುಗ. ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ತಯಾರಾಗಿ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ 6-2ರ ಗೆಲುವಿನಲ್ಲಿ ಹ್ಯಾಟ್ರಿಕ್ ಹೊಡೆದರು. ಪಂಜಾಬಿನ ಜೆಸಿಟಿ ಕ್ಲಬ್ಬಿನಲ್ಲಿ ಭಾರತದ ಹೆಸರಾಂತ ಫಾರ್ವರ್ಡ್‌ಗಳಾದ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆಗೂಡಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು, ಭಾರತ ತಂಡದ ನಾಯಕರಾದರು. 2001ರಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕರಾಗಿದ್ದುದು ಅವರೇ. ಆ ವರ್ಷವೇ ಆಟ ನಿಲ್ಲಿಸಿದರು. ಆಮೇಲೆ ತಾವು ಬೆಳೆದ ಅಕಾಡೆಮಿಗೇ ಕೋಚ್ ಆಗಿ ಹೋದರು. ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ್, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್ ಹೀಗೆ ಊರೂರು ಸುತ್ತಿ ಕಲಿಸಿದರು. 2020ರ ಅಕ್ಟೋಬರ್‌ನಲ್ಲಿ ನಲವತ್ತೊಂಬತ್ತನೆಯ ವಯಸ್ಸಿಗೆ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರು ಹೇಳಿದರೆ ಜನ ಗೋಲುಗಳನ್ನು ನೆನೆಯುತ್ತಾರೆ. ಆಡಿದ್ದು ಹತ್ತು ಹನ್ನೆರಡು ವರ್ಷ, ಕಲಿಸಿದ್ದು ಅದಕ್ಕಿಂತ ಹೆಚ್ಚು ಕಾಲ. ಆ ಎರಡನೆಯ ಭಾಗವನ್ನು ಬಲ್ಲವರು ಮೈದಾನದವರು ಮಾತ್ರ.

ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಮೊದಲು ಸಿಕ್ಕಿದ್ದು ಖಾಸಗಿ ಅಕಾಡೆಮಿಯೊಂದರಲ್ಲಿ ಹದಿಮೂರರ ಒಳಗಿನ ಹುಡುಗರು, ವಾರಾಂತ್ಯದ ಕೆಲಸ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಡುಗರು ಬಂಗಾರ. ಅಪ್ಪಂದಿರು ಗೆರೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ‘ಶೂಟ್’ ಎನ್ನುತ್ತಾರೆ. ಚೆಂಡು ತಮ್ಮದೇ ಆವರಣದಲ್ಲಿದ್ದರೂ ‘ಶೂಟ್’. ಕೊನೆಗೆ ಒಂದು ಶನಿವಾರ ಅವರನ್ನೇ ಮೈದಾನಕ್ಕಿಳಿಸಿ ಐದೈದು ಜನರ ಆಟ ಆಡಿಸಿದೆ, ಮಕ್ಕಳಿಗೆ ಹೊರಗೆ ನಿಂತು ಕೂಗಲು ಹೇಳಿದೆ. ಎರಡು ವಾರ ಶಾಂತಿ ಇತ್ತು.

ನಿಜವಾದ ಕೆಲಸ ಶುರುವಾದದ್ದು ಲೀಗಿನ ಕೆಳ ಡಿವಿಷನ್ನಿನ ಕ್ಲಬ್ಬೊಂದು ನನ್ನನ್ನು ಕರೆದಾಗ. ಟಿವಿಯಲ್ಲಿ ಕಾಣುವ ಮ್ಯಾನೇಜರ್ ಕೋಟು ಹಾಕಿ, ಕೈಕಟ್ಟಿ ನಿಂತಿರುತ್ತಾನೆ. ನಮ್ಮಲ್ಲಿ ಕೋಚ್ ಎಂದರೆ ಮ್ಯಾನೇಜರೂ ಹೌದು, ಬಿಬ್ ಒಗೆಸುವವನೂ ಹೌದು, ಐಸ್ ಡಬ್ಬಿ ಹೊರುವವನೂ ಹೌದು. ಋತು ಶುರುವಾಗುವ ಮೊದಲು ಒಬ್ಬೊಬ್ಬ ಆಟಗಾರನನ್ನೂ ಫೆಡರೇಷನ್ನಿನ ಆನ್‌ಲೈನ್ ನೋಂದಣಿಯಲ್ಲಿ ಸೇರಿಸಬೇಕು: ಫೋಟೊ, ಜನನ ಪ್ರಮಾಣಪತ್ರ, ಹಿಂದಿನ ಕ್ಲಬ್ಬಿನ ಬಿಡುಗಡೆ. ಮಣಿಪುರದ ಹುಡುಗನ ಅಪ್ಪನ ಹೆಸರಿನ ಅಕ್ಷರ ಆಧಾರ್‌ನಲ್ಲಿ ಒಂದು, ಪ್ರಮಾಣಪತ್ರದಲ್ಲಿ ಇನ್ನೊಂದು. ಅವನ ತಾಯಿಗೆ ಫೋನ್ ಮಾಡಿ, ಮಧ್ಯೆ ಅವನೇ ದುಭಾಷಿಯಾಗಿ, ಮೂರು ಭಾಷೆಯಲ್ಲಿ ಮಾತನಾಡಿದ ಬಳಿಕ ಕಾಗದ ಬಂತು. ಉಗ್ರಾಣದ ಮೇಜಿನಲ್ಲಿ ಕಲಿತ ಕಡತದ ಶಿಸ್ತು ಇಲ್ಲಿ ಕೆಲಸಕ್ಕೆ ಬಂತೆಂದು ಒಪ್ಪಲೇಬೇಕು. ಸ್ಟಾಪರ್ ಆಗಿ ಕಲಿತದ್ದಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದಿರಬಹುದು.

ಇವೆಲ್ಲ ಬೆವರಿನ ಕೆಲಸ, ಮಾಡಿದರೆ ಮುಗಿಯುತ್ತದೆ. ಮುಗಿಯದ್ದು ಹನ್ನೊಂದು ಜನರ ಪಟ್ಟಿ. ಇಪ್ಪತ್ತೆರಡು ಹುಡುಗರು ವಾರವೆಲ್ಲ ಮಳೆಯಲ್ಲಿ ನೆನೆದಿರುತ್ತಾರೆ, ಪಂದ್ಯದ ಹಿಂದಿನ ಸಂಜೆ ಅರ್ಧ ಜನಕ್ಕೆ ‘ನಾಳೆ ನೀನಿಲ್ಲ’ ಎನ್ನಬೇಕು. ನಾನು ಆಡುವ ಕಾಲದಲ್ಲಿ ಕೋಚ್ ಹೇಳುತ್ತಲೇ ಇರಲಿಲ್ಲ. ಜೆರ್ಸಿ ಹಂಚುವಾಗ ಕೈಗೆ ಬರದಿದ್ದರೆ ಇಲ್ಲ ಎಂದರ್ಥ. ಆ ಖಾಲಿ ಕೈ ನನಗೆ ಇನ್ನೂ ನೆನಪಿರುವುದರಿಂದ, ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಹೇಳುವ ಪದ್ಧತಿ ಇಟ್ಟುಕೊಂಡೆ. ಇದು ಹೆಚ್ಚು ಸಭ್ಯ. ಹೆಚ್ಚು ಕಷ್ಟ ಕೂಡ.

ಆ ತಂಡದಲ್ಲಿ ನನ್ನ ಜೊತೆ ಕಾರ್ಖಾನೆಗೆ ಆಡಿದ್ದ ಫಾರ್ವರ್ಡ್ ಒಬ್ಬನಿದ್ದ. ನನಗಿಂತ ಐದು ವರ್ಷ ಚಿಕ್ಕವನು, ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದವನು. ಹತ್ತೊಂಬತ್ತರ ಹುಡುಗನೊಬ್ಬನನ್ನು ಅವನ ಜಾಗಕ್ಕೆ ಹಾಕಿದ ದಿನ ಪಾರ್ಕಿಂಗ್‌ನಲ್ಲಿ ಬೈಕಿನ ಪಕ್ಕ ಕಾದು ನಿಂತಿದ್ದ.

‘ಆ ಹುಡುಗ ನನಗಿಂತ ಮೇಲು ಅನ್ನುತ್ತೀರಾ?’ ಎಂದ. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಬಹುವಚನ ಇರಲಿಲ್ಲ.

‘ಮೇಲು ಕೀಳು ಅಲ್ಲ. ಅವರ ಬಲಬದಿಯ ಬ್ಯಾಕ್ ನಿಧಾನ. ಇವನು ಆ ಕಡೆ ಓಡುತ್ತಾನೆ. ನೀನು ದ್ವಿತೀಯಾರ್ಧಕ್ಕೆ ಬೇಕು.’

‘ದ್ವಿತೀಯಾರ್ಧಕ್ಕೆ ಖಂಡಿತವಾ?’

‘ಪಂದ್ಯ ಹೇಗೆ ಹೋಗುತ್ತದೋ ನೋಡಬೇಕು.’

‘ಹಾಗಾದರೆ ಖಂಡಿತ ಇಲ್ಲ’ ಎಂದು ಹೆಲ್ಮೆಟ್ ಹಾಕಿಕೊಂಡ.

ಮರುದಿನ ಅರವತ್ತೈದನೆಯ ನಿಮಿಷಕ್ಕೆ ಅವನನ್ನು ಇಳಿಸಿದೆ. ಗೋಲು ಹೊಡೆಯಲಿಲ್ಲ, ಸಿನಿಮಾ ಅಲ್ಲವಲ್ಲ. ಪಂದ್ಯ 1-1ರಲ್ಲಿ ಮುಗಿಯಿತು. ಆಟಗಾರನಾಗಿದ್ದಾಗ ತಂಡ ಎಂದರೆ ಗೆಳೆಯರು. ಕೋಚ್ ಆದ ಮೇಲೆ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಒಬ್ಬನೇ ಕೂರುತ್ತೇನೆ, ಹಿಂದೆ ನಗು ಕೇಳಿದರೆ ಏನೆಂದು ವಿಚಾರಿಸುವುದಿಲ್ಲ.

ಇನ್ನೊಂದು ಪಂದ್ಯದಲ್ಲಿ ನನಗೆ ಹಳದಿ ಕಾರ್ಡ್ ಬಂತು. ನಮ್ಮ ಬೆಂಚಿನಿಂದ ಯಾರೋ ರೆಫರಿಯ ಕಣ್ಣಿನ ಬಗ್ಗೆ, ತಮಿಳಿನಲ್ಲಿ, ಬಹಳ ಸ್ಪಷ್ಟವಾಗಿ ಒಂದು ಮಾತು ಹೇಳಿದರು. ರೆಫರಿಗೂ ತಮಿಳು ಬರುತ್ತಿತ್ತು. ಯಾರು ಹೇಳಿದ್ದು ಎಂದು ಕೇಳಿದಾಗ ಬೆಂಚಿನ ಎಲ್ಲರೂ ಆಕಾಶ ನೋಡಿದರು. 2019ರ ನಿಯಮದ ಪ್ರಕಾರ ತಪ್ಪು ಮಾಡಿದವನು ಯಾರೆಂದು ಗೊತ್ತಾಗದಿದ್ದರೆ ಟೆಕ್ನಿಕಲ್ ಏರಿಯಾದಲ್ಲಿರುವ ಹಿರಿಯ ಕೋಚ್‌ಗೇ ಕಾರ್ಡ್. ಆ ಪ್ರಶ್ನೆಗೆ ಡಿ ಪರೀಕ್ಷೆಯಲ್ಲಿ ಸರಿಯುತ್ತರ ಬರೆದಿದ್ದೆ.

ವಿರಾಮದ ಹದಿನೈದು ನಿಮಿಷದ ಬಗ್ಗೆ ಜನರಿಗೆ ದೊಡ್ಡ ಕಲ್ಪನೆಯಿದೆ. ಹುಡುಗರು ನಡೆದು ಬಂದು ಕುಳಿತು, ನೀರು ಕುಡಿದು, ಶೂ ಸಡಿಲಿಸಿ, ಒಬ್ಬರನ್ನೊಬ್ಬರು ಬೈದುಕೊಳ್ಳುವುದರಲ್ಲಿ ಆರೇಳು ನಿಮಿಷ ಹೋಗುತ್ತದೆ. ಆಮೇಲೆ ಎರಡು ವಿಷಯ ಹೇಳಬಹುದು. ಮೂರನೆಯದು ಯಾರ ಕಿವಿಗೂ ಬೀಳುವುದಿಲ್ಲ. ನಾನು ಬೋರ್ಡಿನ ಮೇಲೆ ಅಯಸ್ಕಾಂತದ ಬಿಲ್ಲೆಗಳನ್ನು ಸರಿಸುತ್ತೇನೆ, ಹಿಂದಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳುತ್ತೇನೆ. ಗೋಲ್‌ಕೀಪರನಿಗೆ ಏನೂ ಹೇಳುವುದಿಲ್ಲ. ಗೋಲ್‌ಕೀಪರುಗಳಿಗೆ ವಿರಾಮದಲ್ಲಿ ಬುದ್ಧಿ ಹೇಳಿ ಉದ್ಧಾರವಾದ ಕೋಚ್ ಯಾರನ್ನೂ ನಾನು ಕಂಡಿಲ್ಲ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಹಿಂದೆ ಗೆದ್ದದ್ದು 1968-69ರಲ್ಲಿ, ಮೈಸೂರು ಎಂಬ ಹೆಸರಿನಲ್ಲಿ. ನಮ್ಮ ಕ್ಲಬ್ಬಿನ ಹುಡುಗರು ಮೊಬೈಲ್ ಪರದೆಯ ಸುತ್ತ ಮುತ್ತಿಕೊಂಡು ಗೋಲು ನೋಡುತ್ತಿದ್ದರೆ, ನಾನು ಮಾತ್ರ ಮುನ್ನಡೆಯಲ್ಲಿದ್ದಾಗ ಕರ್ನಾಟಕದ ಬೆಂಚು ಯಾರನ್ನು ಇಳಿಸುತ್ತದೆ ಎಂದು ನೋಡುತ್ತಿದ್ದೆ. ಅಂದಿನಿಂದ ನನಗೆ ಸುಮ್ಮನೆ ಪಂದ್ಯ ನೋಡುವುದು ಸಾಧ್ಯವಾಗಿಲ್ಲ. ಮನೆಯವಳು ಹೇಳುವಂತೆ, ಚೆಂಡು ಇರುವ ಕಡೆ ಬಿಟ್ಟು ಉಳಿದ ಕಡೆಯೆಲ್ಲ ನೋಡುತ್ತೇನೆ.

ಸಿ ಡಿಪ್ಲೊಮಾ ಡಿಗಿಂತ ಉದ್ದ, ಖರ್ಚೂ ಜಾಸ್ತಿ. ಸ್ವಂತ ತಂಡದ ಪಂದ್ಯ ಚಿತ್ರೀಕರಿಸಿ ವರದಿ ಬರೆಯಬೇಕಿತ್ತು. ನಮ್ಮ ಮೈದಾನದಲ್ಲಿ ಗ್ಯಾಲರಿ ಇಲ್ಲ. ಪಕ್ಕದ ಮನೆಯ ತಾರಸಿಗೆ ಹತ್ತಲು ಅಜ್ಜಿಯೊಬ್ಬರ ಅನುಮತಿ ಪಡೆದೆ. ವಿಡಿಯೊದ ಎಡ ಮೂಲೆಯಲ್ಲಿ ಅವರ ಸಂಡಿಗೆ ಒಣಗುತ್ತಿರುವುದು ಕೊನೆಯವರೆಗೂ ಕಾಣುತ್ತದೆ. ಮೌಲ್ಯಮಾಪನಕ್ಕೆ ಬಂದವರು ಅದರ ಬಗ್ಗೆ ಏನೂ ಕೇಳಲಿಲ್ಲ. ನನ್ನ ಎಡಬದಿ ಏಕೆ ಪ್ರತಿ ಬಾರಿ ತೆರೆದುಕೊಳ್ಳುತ್ತದೆ ಎಂದು ಮಾತ್ರ ಕೇಳಿದರು.

ಹಣದ ಮಾತು ಬಂದಾಗ ನಾನು ಸುಳ್ಳು ಹೇಳುವುದಿಲ್ಲ. ಲೀಗ್ ನಡೆಯುವ ತಿಂಗಳುಗಳಿಗೆ ಸಂಭಾವನೆ, ಉಳಿದ ತಿಂಗಳುಗಳಿಗೆ ನಮಸ್ಕಾರ. ನೌಕರಿ ಇದ್ದುದರಿಂದ ನಾನು ಇದನ್ನು ಮಾಡಬಲ್ಲೆ. ಈಗ ಆಡುತ್ತಿರುವ ಹುಡುಗರಿಗೆ ಕಾರ್ಖಾನೆಯ ಆಸರೆ ಇಲ್ಲ. ಆಟ ಬಿಟ್ಟ ಮೇಲೆ ಕೋಚಿಂಗೇ ನೌಕರಿಯಾಗಬೇಕು. ಮೇಲಿನ ಹಂತದಲ್ಲಿ ವಿದೇಶಿ ಕೋಚ್‌ಗಳದೇ ಕಾರುಬಾರು. ಖಾಲಿದ್ ಜಮೀಲ್ ಗಾಯದಿಂದ ಆಟ ನಿಲ್ಲಿಸಿ, ಮುಂಬೈ ಎಫ್‌ಸಿ ತಂಡದ ಕೋಚ್ ಆಗಿ ದುಡಿದು, 2017ರಲ್ಲಿ ಮಿಜೋರಾಂನ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟರು. ಆಮೇಲೂ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ತಂಡವೊಂದರ ಪೂರ್ಣಾವಧಿ ಮುಖ್ಯ ಕೋಚ್ ಹುದ್ದೆ ಅವರಿಗೆ ಸಿಗಲು 2021 ಆಗಬೇಕಾಯಿತು, ಆ ಹುದ್ದೆಗೇರಿದ ಮೊದಲ ಭಾರತೀಯ ಅವರು. 2025ರ ಆಗಸ್ಟ್‌ನಲ್ಲಿ ಭಾರತ ತಂಡವೇ ಅವರ ಕೈಗೆ ಬಂದಾಗ ನಮ್ಮ ಕೋಚ್‌ಗಳ ವಾಟ್ಸಪ್ ಗುಂಪಿನಲ್ಲಿ ದಿನವಿಡೀ ಅದೇ ಮಾತು. ನನ್ನ ಹಳೆಯ ಫಾರ್ವರ್ಡ್ ಕೂಡ ಆ ಗುಂಪಿನಲ್ಲಿದ್ದಾನೆ. ಕಳೆದ ವರ್ಷ ಡಿ ಮುಗಿಸಿದ, ಈಗ ಹದಿನೈದರ ಒಳಗಿನವರಿಗೆ ಕಲಿಸುತ್ತಿದ್ದಾನೆ. ಮತ್ತೆ ಏಕವಚನಕ್ಕೆ ಬಂದಿದ್ದೇವೆ. ಪಟ್ಟಿ ಹೇಳುವ ಸಂಜೆ ಏನು ಮಾಡುತ್ತೀಯ ಎಂದು ಕೇಳಿದೆ. ವಾಟ್ಸಪ್‌ನಲ್ಲಿ ಹಾಕಿ ಫೋನ್ ಆಫ್ ಮಾಡುತ್ತಾನಂತೆ.

ಮುಂದಿನ ಋತುವಿನ ನೋಂದಣಿ ತೆರೆದಿದೆ. ಇಬ್ಬರು ಸ್ಟಾಪರ್‌ಗಳಿದ್ದಾರೆ, ಮಿಡ್‌ಫೀಲ್ಡ್‌ಗೆ ತೊಂದರೆಯಿಲ್ಲ. ಎಡ ಬ್ಯಾಕ್ ಆಡಲು ಎಡಗಾಲಿನವನು ಮಾತ್ರ ಈ ಬಾರಿಯೂ ಸಿಕ್ಕಿಲ್ಲ. ಸಂಡಿಗೆಯ ವಿಡಿಯೊ ನೋಡಿದವರು ಕೇಳಿದ್ದು ಇದನ್ನೇ. ಹುಡುಕುತ್ತಿದ್ದೇನೆ; ಇಪ್ಪತ್ತರ ಆಸುಪಾಸಿನವನಾಗಿದ್ದು, ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಸರಿಯಿದ್ದರೆ ಸಾಕು.